ಬ್ರೌಸರ್ ಕಲಿಯೋಣ: ಮೊದಲು ವಾಪಸ್ ಬರೋದು, ಆಮೇಲೆ ಹೋಗೋದು

ನಮ್ಮ ದೊಡ್ಡಮ್ಮನಿಗೆ ಫೋನ್ ಚೆನ್ನಾಗಿಯೇ ಬರುತ್ತದೆ. ವಾಟ್ಸಾಪ್‌ನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸುತ್ತಾರೆ, ಯೂಟ್ಯೂಬ್‌ನಲ್ಲಿ ಹರಿಕಥೆ ಹುಡುಕಿ ಹಾಕಿಕೊಳ್ಳುತ್ತಾರೆ. ಅದೇ ದೊಡ್ಡಮ್ಮ ಮಗಳು ಬಿಟ್ಟುಹೋದ ಹಳೇ ಲ್ಯಾಪ್‌ಟಾಪ್ ಮುಂದೆ ಕೂತ ಮೊದಲ ದಿನ, ಮೌಸ್ ಹಿಡಿದ ಅಂಗೈ ಬೆವರುತ್ತಿತ್ತು. ಏನೋ ಒಂದು ಒತ್ತಿದರು. ಪುಟ ಬದಲಾಯಿತು. "ಅಯ್ಯೋ, ಹೋಯ್ತಲ್ಲೋ! ಇದ್ದಿದ್ದು ಎಲ್ಲಿ ಹೋಯ್ತು?" ಎಂದು ಮೌಸನ್ನೇ ಕೈಬಿಟ್ಟರು.

ತಪ್ಪು ನನ್ನದು. ಹುಡುಕೋದು ಹೇಗೆ, ಪುಟ ತೆರೆಯೋದು ಹೇಗೆ ಅಂತ ಹೇಳಿಕೊಟ್ಟಿದ್ದೆ. ಬಂದ ದಾರಿಯಲ್ಲಿ ವಾಪಸ್ ಹೋಗೋದು ಹೇಗೆ ಅಂತ ಹೇಳಿರಲಿಲ್ಲ. ಹೊಸ ಊರಿಗೆ ಹೋದವರು ಮೊದಲು ಬಸ್ ಸ್ಟ್ಯಾಂಡ್ ಯಾವ ಕಡೆ ಅಂತ ನೋಡಿಟ್ಟುಕೊಳ್ಳುತ್ತಾರೆ, ಅಲ್ವಾ? ಆಮೇಲೆ ಎಲ್ಲಿ ಬೇಕಾದರೂ ತಿರುಗಬಹುದು. ಅಂದಿನಿಂದ ಯಾರಿಗೆ ಕಲಿಸಿದರೂ ಇದೇ ಕ್ರಮದಲ್ಲಿ ಕಲಿಸುತ್ತಿದ್ದೇನೆ. ಇಲ್ಲಿ ಬರೆದಿರುವುದೂ ಅದೇ. ನಿಮ್ಮ ಮುಂದೆ ವಿಂಡೋಸ್ ಇರುವ ಕಂಪ್ಯೂಟರ್ ಇದೆ, ಇಂಟರ್ನೆಟ್ ಬರುತ್ತಿದೆ ಅಂದುಕೊಂಡು ಬರೆದಿದ್ದೇನೆ. ಓದುತ್ತಾ ಓದುತ್ತಾ ಕೈಯಲ್ಲೂ ಮಾಡಿ. ಸುಮ್ನೆ ಓದಿದರೆ ಇದು ತಲೆಗೆ ಹತ್ತುವುದಿಲ್ಲ.

ಬ್ರೌಸರ್ ಅಂದರೆ ಯಾವುದು?

ಫೋನ್‌ನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಆ್ಯಪ್. ಬಸ್ ಟಿಕೆಟ್‌ಗೆ ಒಂದು, ಬ್ಯಾಂಕಿಗೆ ಒಂದು, ಪೇಪರ್ ಓದಲು ಇನ್ನೊಂದು. ಕಂಪ್ಯೂಟರ್‌ನಲ್ಲಿ ಹಾಗಿಲ್ಲ. ಇದೆಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಬಾಗಿಲು. ಆ ಬಾಗಿಲೇ ಬ್ರೌಸರ್. ವೆಬ್‌ಸೈಟುಗಳನ್ನು ತಂದು ನಿಮ್ಮ ಪರದೆಯ ಮೇಲೆ ತೋರಿಸುವ ಪ್ರೋಗ್ರಾಂ ಅದು.

"ಗೂಗಲ್ ಓಪನ್ ಮಾಡು" ಅಂತ ಎಲ್ಲರೂ ಹೇಳುತ್ತಾರೆ. ಮಾತಿಗೆ ಪರವಾಗಿಲ್ಲ, ಆದರೆ ಗೂಗಲ್ ಅನ್ನುವುದು ಹುಡುಕಿಕೊಡುವ ಒಂದು ವೆಬ್‌ಸೈಟ್. ಅದನ್ನು ತೆರೆಯುವ ಪ್ರೋಗ್ರಾಂ ಬೇರೆ. ಗೂಗಲ್ ಕಂಪನಿ ಮಾಡಿದ ಬ್ರೌಸರ್ ಹೆಸರು ಕ್ರೋಮ್. 2008ರಲ್ಲಿ ಬಂತು. ಕೆಂಪು, ಹಳದಿ, ಹಸಿರು ಬಳೆಯ ನಡುವೆ ನೀಲಿ ಬೊಟ್ಟು ಇರುವ ಚಿತ್ರ ಅದರದ್ದು. ವಿಂಡೋಸ್ ಜೊತೆಗೇ ಬರುವುದು ಎಡ್ಜ್. ನೀಲಿ-ಹಸಿರು ಅಲೆಯ ಹಾಗೆ ಕಾಣುತ್ತದೆ. ಮೊಜಿಲ್ಲಾ ಸಂಸ್ಥೆಯ ಫೈರ್‌ಫಾಕ್ಸ್ ಇನ್ನೊಂದು, ಬೆಂಕಿ ಬಾಲದ ನರಿಯ ಚಿತ್ರ. ಆ್ಯಪಲ್ ಕಂಪ್ಯೂಟರ್ ಇದ್ದವರಿಗೆ ಸಫಾರಿ. ಎಲ್ಲವೂ ಪುಕ್ಕಟೆ. ಬ್ರೌಸರ್ ಹಾಕಿಕೊಡುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಹತ್ತು ವರ್ಷದ ಹಿಂದೆ ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದವರಿಗೆ ನೀಲಿ ಬಣ್ಣದ 'ಇ' ಅಕ್ಷರ ನೆನಪಿರುತ್ತದೆ. ಅದು ಇಂಟರ್ನೆಟ್ ಎಕ್ಸ್‌ಪ್ಲೋರರ್. ಅದನ್ನು ತಯಾರಿಸಿದ ಮೈಕ್ರೋಸಾಫ್ಟ್ ಕಂಪನಿಯೇ 2022ರ ಜೂನ್ 15ಕ್ಕೆ ಅದಕ್ಕೆ ವಿದಾಯ ಹೇಳಿತು. ಹಳೇ ಕಂಪ್ಯೂಟರ್‌ನಲ್ಲಿ ಇನ್ನೂ ಕಾಣಿಸಿದರೆ ಮುಟ್ಟಬೇಡಿ.

ಕ್ರೋಮ್ ಒಳ್ಳೇದೋ ಎಡ್ಜ್ ಒಳ್ಳೇದೋ ಎನ್ನುವ ಚರ್ಚೆ ಈಗ ಬೇಡ. ಯಾವುದು ಇದೆಯೋ ಅದರಲ್ಲೇ ಕಲಿಯಿರಿ. ಒಂದು ಬಂದರೆ ಉಳಿದವೂ ಬಂದ ಹಾಗೆ.

ತೆರೆಯಿರಿ, ಸುಮ್ನೆ ನೋಡಿ

ಡೆಸ್ಕ್‌ಟಾಪ್, ಅಂದರೆ ಕಂಪ್ಯೂಟರ್ ಶುರುವಾದಾಗ ಮೊದಲು ಕಾಣುವ ಪರದೆ, ಅದರ ಮೇಲಿನ ಬ್ರೌಸರ್ ಚಿತ್ರಕ್ಕೆ ಎರಡು ಸಲ ಪಟಪಟನೆ ಒತ್ತಿ. ಕೆಳಗಿನ ಪಟ್ಟಿಯಲ್ಲಿದ್ದರೆ ಒಂದೇ ಸಲ ಸಾಕು.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಹೊಸಬರೆಲ್ಲ ಎಡವುವ ಜಾಗ ಇದು. ಎರಡು ಸಲ ಒತ್ತುವುದು ಡೆಸ್ಕ್‌ಟಾಪ್ ಮೇಲೆ, ಫೋಲ್ಡರ್ ಒಳಗೆ ಮಾತ್ರ. ಬ್ರೌಸರ್ ಒಳಗೆ ಬಂದ ಮೇಲೆ ಎಲ್ಲದಕ್ಕೂ ಒಂದೇ ಸಲ. ಅಭ್ಯಾಸ ಬಲದಿಂದ ಎರಡು ಸಲ ಒತ್ತಿದರೆ ಅರ್ಜಿ ಎರಡು ಸಲ ಹೋಗುವುದೂ ಉಂಟು. ದುಡ್ಡು ಕಟ್ಟುವ ಬಟನ್ ಮುಂದೆಯಂತೂ ಒಂದು ಸಲ ಒತ್ತಿ, ಕೈ ತೆಗೆದು, ಕಾಯಿರಿ.

ತೆರೆದ ಮೇಲೆ ಏನೂ ಮಾಡಬೇಡಿ. ಮೇಲ್ಗಡೆ ನೋಡಿ. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಟ್ಯಾಬ್ ಇರುತ್ತದೆ, ಫೈಲಿನ ಮೇಲೆ ಅಂಟಿಸಿದ ಹೆಸರಿನ ಚೀಟಿಯ ಹಾಗೆ. ಅದರ ಕೆಳಗೆ ಎಡಗಡೆ ಬಾಣದ ಗುರುತುಗಳು. ಅದೇ ಸಾಲಿನ ಮಧ್ಯದಲ್ಲಿ ಉದ್ದನೆಯ ಪೆಟ್ಟಿಗೆ, ಅದು ವಿಳಾಸದ ಪಟ್ಟಿ. ಬಲತುದಿಯಲ್ಲಿ ಮೂರು ಚುಕ್ಕಿ. ಕ್ರೋಮ್‌ನಲ್ಲಿ ಅವು ಒಂದರ ಕೆಳಗೊಂದು, ಎಡ್ಜ್‌ನಲ್ಲಿ ಅಡ್ಡಕ್ಕೆ ಇರುತ್ತವೆ. ಫೈರ್‌ಫಾಕ್ಸ್‌ನಲ್ಲಿ ಚುಕ್ಕಿಯ ಬದಲು ಮೂರು ಗೆರೆ. ಬ್ರೌಸರ್‌ನ ಸೆಟ್ಟಿಂಗ್ಸ್ ಎಲ್ಲ ಅಡಗಿರುವುದು ಅಲ್ಲೇ.

ಈಗ ಏನೂ ಒತ್ತದೆ ಮೌಸನ್ನು ಪುಟದ ಮೇಲೆ ನಿಧಾನವಾಗಿ ಓಡಾಡಿಸಿ. ಬಾಣ ಕೆಲವು ಕಡೆ ಬೆರಳು ತೋರಿಸುವ ಕೈಯಾಗುತ್ತದೆ. ಕೈಯಾದರೆ ಅಲ್ಲಿ ಲಿಂಕ್ ಇದೆ, ಒತ್ತಿದರೆ ಬೇರೆಲ್ಲಿಗೋ ಕರೆದುಕೊಂಡು ಹೋಗುತ್ತದೆ ಅಂತ ಅರ್ಥ. ಬರೆಯುವ ಜಾಗದ ಮೇಲೆ ಬಂದರೆ ಬಾಣ ನಿಂತ ಕಡ್ಡಿಯ ಹಾಗಾಗುತ್ತದೆ. ಕೈ ಬಂದಾಗ ಎಡಗಡೆ ಕೆಳಮೂಲೆಯನ್ನೊಮ್ಮೆ ನೋಡಿ. ಒತ್ತಿದರೆ ಯಾವ ವಿಳಾಸಕ್ಕೆ ಹೋಗುತ್ತೀರಿ ಅನ್ನುವುದು ಅಲ್ಲಿ ಸಣ್ಣಕ್ಷರದಲ್ಲಿ ಬರುತ್ತದೆ. ಬಸ್ ಹತ್ತುವ ಮುಂಚೆ ಬೋರ್ಡ್ ಓದಿದಂತೆ. ದೊಡ್ಡಮ್ಮ ಹತ್ತು ನಿಮಿಷ ಇದನ್ನೇ ಆಟ ಆಡಿದರು. ಕೈ ಬೆವರುವುದು ನಿಂತಿದ್ದು ಆಗಲೇ.

ವಾಪಸ್ ಬರುವ ನಾಲ್ಕು ದಾರಿ

ಒಂದನೆಯದು ಎಡಕ್ಕೆ ತಿರುಗಿದ ಬಾಣ. ಒಂದು ಸಲ ಒತ್ತಿದರೆ ಒಂದು ಪುಟ ಹಿಂದೆ. ಮೂರು ಪುಟ ಮುಂದೆ ಹೋಗಿದ್ದರೆ ಮೂರು ಸಲ. ಆ ಬಾಣದ ಮೇಲೆ ಬಲಗಡೆ ಕ್ಲಿಕ್ ಮಾಡಿದರೆ ಬಂದ ಹಾದಿಯ ಪಟ್ಟಿಯೇ ಬರುತ್ತದೆ, ಬೇಕಾದ ಪುಟಕ್ಕೆ ನೇರವಾಗಿ ಹಾರಬಹುದು. ಕೀಬೋರ್ಡ್‌ನಲ್ಲಾದರೆ ಆಲ್ಟ್ ಕೀ ಒತ್ತಿ ಹಿಡಿದು ಎಡ ಬಾಣದ ಕೀ.

"ಬಾಣ ಮಂಕಾಗಿದೆ, ಒತ್ತಿದರೆ ಏನೂ ಆಗುತ್ತಿಲ್ಲ" ಅಂತ ಎಲ್ಲರೂ ಒಂದಲ್ಲ ಒಂದು ದಿನ ಕೇಳುತ್ತಾರೆ. ನೀವು ಒತ್ತಿದ ಲಿಂಕ್ ಹೊಸ ಟ್ಯಾಬ್‌ನಲ್ಲಿ ತೆರೆದುಕೊಂಡಿದೆ, ಅಷ್ಟೆ. ಹೊಸ ಟ್ಯಾಬ್‌ಗೆ ಹಿಂದಿನ ಪುಟ ಅಂತ ಇರುವುದಿಲ್ಲ. ಮೇಲಿನ ಸಾಲು ನೋಡಿ, ಒಂದಿದ್ದ ಚೀಟಿ ಎರಡಾಗಿರುತ್ತದೆ. ಎರಡನೆಯದರ ತುದಿಯಲ್ಲಿರುವ ಸಣ್ಣ ಗುಣಾಕಾರ ಚಿಹ್ನೆ ಒತ್ತಿ ಅಥವಾ ಕಂಟ್ರೋಲ್ ಕೀ (ಅದರ ಮೇಲೆ ಸಿ-ಟಿ-ಆರ್-ಎಲ್ ಅಂತ ಇರುತ್ತದೆ) ಜೊತೆ ಡಬ್ಲ್ಯೂ ಒತ್ತಿ. ಅದು ಮುಚ್ಚಿಕೊಂಡು ಹಳೇ ಪುಟ ಎದುರಿಗೆ ಬರುತ್ತದೆ. ಇದು ಎರಡನೆಯ ದಾರಿ.

ಮೂರನೆಯದು ನನಗೆ ತುಂಬಾ ಇಷ್ಟವಾದದ್ದು. ಬೇಕಾಗಿದ್ದ ಪುಟವನ್ನೇ ಕೈತಪ್ಪಿ ಮುಚ್ಚಿಬಿಟ್ಟಿರಿ ಅಂದುಕೊಳ್ಳಿ. ಕಂಟ್ರೋಲ್, ಶಿಫ್ಟ್ ಎರಡೂ ಹಿಡಿದು ಟಿ ಒತ್ತಿ. ಮುಚ್ಚಿದ ಟ್ಯಾಬ್ ಎದ್ದು ಬರುತ್ತದೆ. ಇನ್ನೊಮ್ಮೆ ಒತ್ತಿದರೆ ಅದಕ್ಕೂ ಮುಂಚೆ ಮುಚ್ಚಿದ್ದು. ಈಗಲೇ ನಾಲ್ಕು ಸಲ ಮುಚ್ಚಿ ತೆರೆದು ನೋಡಿ. ಏನೂ ಕಳೆದುಹೋಗುವುದಿಲ್ಲ ಅನ್ನುವ ಧೈರ್ಯ ಬೆರಳಿಗೆ ಬರಬೇಕು.

ನಾಲ್ಕನೆಯದು ಹಿಸ್ಟರಿ. ಕಂಟ್ರೋಲ್ ಜೊತೆ ಎಚ್. ನಿನ್ನೆ ಸಂಜೆ ಓದಿದ ಪುಟದ ಹೆಸರು ಮರೆತಿದ್ದರೂ ಅಲ್ಲಿ ದಿನ, ಗಂಟೆ ಸಮೇತ ಬರೆದಿರುತ್ತದೆ.

ಆದರೆ ಎಲ್ಲಾ ಕಡೆ ಹಿಂದಕ್ಕೆ ಬರಬಾರದು. ದುಡ್ಡು ಕಟ್ಟುವಾಗ, ಅರ್ಜಿ ತುಂಬುವಾಗ, ಬ್ಯಾಂಕ್ ಪುಟದಲ್ಲಿ ಇರುವಾಗ ಹಿಂದಿನ ಬಾಣ ಒತ್ತಿದರೆ ತುಂಬಿದ್ದೆಲ್ಲ ಹೋಗಬಹುದು, ಇಲ್ಲವೇ ಹೊರಗೆ ಹಾಕಿಬಿಡುತ್ತದೆ. ಅಂಥ ಪುಟದ ಒಳಗೇ 'ಬ್ಯಾಕ್' ಅಂತ ಬಟನ್ ಇದ್ದರೆ ಅದನ್ನು ಬಳಸಿ. ಪುಟ ನಿಂತುಹೋಯಿತು ಅಂತ ಗುಂಡನೆಯ ಬಾಣ, ಅಂದರೆ ರೀಫ್ರೆಶ್ ಒತ್ತಿದಾಗ 'ಫಾರ್ಮ್ ಮತ್ತೆ ಕಳಿಸಬೇಕಾ' ಎನ್ನುವ ಅರ್ಥದ ಪ್ರಶ್ನೆ ಬಂದರೆ ಕ್ಯಾನ್ಸಲ್ ಒತ್ತಿ. ಮೊದಲು ಬ್ಯಾಂಕಿನ ಮೆಸೇಜ್ ನೋಡಿ, ದುಡ್ಡು ಹೋಗಿದೆಯೋ ಇಲ್ಲವೋ ಅಂತ.

ಟ್ಯಾಬ್: ನಾಲ್ಕು ಒಲೆಯ ಅಡುಗೆ

ಒಂದು ಒಲೆಯ ಮೇಲೆ ಅನ್ನ, ಇನ್ನೊಂದರ ಮೇಲೆ ಸಾರು. ಅನ್ನ ಇಳಿಸಿ ಸಾರಿಗೆ ಇಡಬೇಕಾಗಿಲ್ಲ. ಟ್ಯಾಬ್ ಇರುವುದು ಇದಕ್ಕೇ. ಕಂಟ್ರೋಲ್ ಜೊತೆ ಟಿ ಒತ್ತಿದರೆ ಹೊಸ ಟ್ಯಾಬ್. ಪುಟದಲ್ಲಿರುವ ಲಿಂಕನ್ನು ಹೊಸ ಟ್ಯಾಬ್‌ನಲ್ಲಿ ತೆರೆಯಬೇಕಾದರೆ ಕಂಟ್ರೋಲ್ ಹಿಡಿದು ಒತ್ತಿ. ಓದುತ್ತಿದ್ದ ಪುಟ ಇದ್ದಲ್ಲೇ ಇರುತ್ತದೆ. ಹದಿನೈದಿಪ್ಪತ್ತು ಟ್ಯಾಬ್ ತೆರೆದಿಟ್ಟರೆ ಹಳೇ ಕಂಪ್ಯೂಟರ್ ಏದುಸಿರು ಬಿಡುತ್ತದೆ, ಬೇಡದ್ದನ್ನು ಮುಚ್ಚುತ್ತಾ ಬನ್ನಿ. ಟ್ಯಾಬ್‌ನ ಗುಣಾಕಾರ ಚಿಹ್ನೆ ಬೇರೆ, ಬಲಗಡೆ ಮೇಲ್ಮೂಲೆಯ ದೊಡ್ಡ ಗುಣಾಕಾರ ಚಿಹ್ನೆ ಬೇರೆ. ದೊಡ್ಡದನ್ನು ಒತ್ತಿದರೆ ಇಡೀ ಬ್ರೌಸರ್ ಮುಚ್ಚುತ್ತದೆ. ಮುಚ್ಚಿದರೂ ಗಾಬರಿ ಬೇಡ. ಮತ್ತೆ ತೆರೆದು ಕಂಟ್ರೋಲ್, ಶಿಫ್ಟ್, ಟಿ.

ವಿಳಾಸ ಓದಲು ಕಲಿಯಿರಿ

ಈ ಭಾಗ ಸ್ವಲ್ಪ ಉದ್ದ ಇದೆ. ಬಿಟ್ಟು ಮುಂದೆ ಹೋಗಬೇಡಿ. ಬ್ರೌಸರ್ ಬಳಸುವ ಎಷ್ಟೋ ಜನಕ್ಕೆ ವರ್ಷಗಟ್ಟಲೆಯಾದರೂ ಇದು ಗೊತ್ತಿರುವುದಿಲ್ಲ, ಮೋಸ ಹೋಗುವುದೂ ಇಲ್ಲೇ.

ಉದ್ದನೆಯ ಪೆಟ್ಟಿಗೆ ಎರಡು ಕೆಲಸ ಮಾಡುತ್ತದೆ. ವಿಳಾಸ ಹಾಕಿದರೆ ನೇರವಾಗಿ ಆ ವೆಬ್‌ಸೈಟಿಗೆ ಹೋಗುತ್ತದೆ. ಮಾತು ಬರೆದರೆ ಹುಡುಕುತ್ತದೆ. ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲೇ, ಮಧ್ಯೆ ಜಾಗ ಬಿಡದೆ, ಚುಕ್ಕಿ ಸರಿಯಾಗಿ ಇಟ್ಟು ಬರೆಯಬೇಕು. ಬರೆದಾದ ಮೇಲೆ ಎಂಟರ್.

ನಮ್ಮ ರಾಜ್ಯದ ಜಮೀನು ದಾಖಲೆಯ ವೆಬ್‌ಸೈಟನ್ನೇ ತೆಗೆದುಕೊಳ್ಳಿ. ಅದರ ವಿಳಾಸವನ್ನು ಬಾಯಲ್ಲಿ ಹೇಳಿದರೆ ಹೀಗಾಗುತ್ತದೆ: ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್. ಗವ್ ಅಂದರೆ ಜಿ, ಓ, ವಿ. ಇದನ್ನು ಪೋಸ್ಟ್ ಕಾರ್ಡಿನ ವಿಳಾಸದ ಹಾಗೆ ಓದಿ. ಮನೆ ಮೊದಲು, ಊರು ಆಮೇಲೆ, ದೇಶ ಕೊನೆಗೆ. 'ಇನ್' ಅಂದರೆ ಭಾರತ. 'ಗವ್' ಅಂದರೆ ಸರ್ಕಾರ. 'ಕರ್ನಾಟಕ' ಅಂದರೆ ಯಾವ ಸರ್ಕಾರ ಅನ್ನುವುದು. 'ಲ್ಯಾಂಡ್‌ರೆಕಾರ್ಡ್ಸ್' ಅಂದರೆ ಅದರೊಳಗಿನ ಇಲಾಖೆ. ಯಾರ ಮನೆ ಅಂತ ತಿಳಿಯಬೇಕಾದರೆ ಬಲದಿಂದ ಎಡಕ್ಕೆ ಓದಬೇಕು.

ಆದರೆ ಬಲ ಅಂದರೆ ಎಲ್ಲಿಂದ? ವಿಳಾಸದ ಕೊನೆಯಲ್ಲಿ ಓರೆಗೆರೆ ಹಾಕಿ ಇನ್ನೂ ಏನೇನೋ ಬರೆದಿರುತ್ತದೆ. ಶುರುವಿನಲ್ಲಿ ಎಚ್‌ಟಿಟಿಪಿಎಸ್ ಕಾಣಿಸಿದರೆ ಅದಾದ ಮೇಲೆ ಎರಡು ಓರೆಗೆರೆ ಬರುತ್ತವೆ, ಅವನ್ನು ಬಿಡಿ. ಅದರ ನಂತರ ಮೊದಲು ಸಿಗುವ ಒಂಟಿ ಓರೆಗೆರೆ ನಿಮ್ಮ ಗಡಿಕಲ್ಲು. ಗಡಿಕಲ್ಲಿನ ಎಡಕ್ಕೆ ಅಂಟಿಕೊಂಡಿರುವುದೇ ಮಾಲೀಕರ ಹೆಸರು. ಬಲಕ್ಕಿರುವುದು ಒಳಮನೆ ಕೋಣೆಗಳು, ಅಲ್ಲಿ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು.

ಉದಾಹರಣೆಗೆ ನಾನೇ ಒಂದು ಕಳ್ಳ ವಿಳಾಸ ಕಟ್ಟಿ ಹೇಳುತ್ತೇನೆ. 'ಕರ್ನಾಟಕ ಅಡ್ಡಗೆರೆ ಗವ್ ಡಾಟ್ ಇನ್ ಡಾಟ್ ಪಹಣಿಬೇಗ ಡಾಟ್ ಕಾಮ್'. ಮೊದಲರ್ಧ ನೋಡಿದರೆ ಸರ್ಕಾರದ್ದೇ ಅನ್ನಿಸುತ್ತದೆ. ಬಲದಿಂದ ಓದಿ. ಕಾಮ್, ಪಹಣಿಬೇಗ. ಮಾಲೀಕ ಪಹಣಿಬೇಗ ಅನ್ನುವ ಯಾರೋ. ಮುಂದೆ ಅಂಟಿಸಿದ ಕರ್ನಾಟಕ ಎಲ್ಲ ಬರೀ ಬಣ್ಣ.

ಸರ್ಕಾರದ ಕೆಲಸಕ್ಕೆ ಗವ್ ಡಾಟ್ ಇನ್ ಅಥವಾ ನಿಕ್ (ಎನ್, ಐ, ಸಿ) ಡಾಟ್ ಇನ್ ಎಂದು ಮುಗಿಯುವ ವಿಳಾಸವನ್ನೇ ನಂಬಿ. ಇವೆರಡು ಸರ್ಕಾರದವರಿಗಲ್ಲದೆ ಬೇರೆಯವರಿಗೆ ಸಿಗುವುದಿಲ್ಲ. ಬ್ಯಾಂಕುಗಳಿಗೂ ಈಗ ಇಂಥದ್ದೇ ಗುರುತು ಬಂದಿದೆ. ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೂ ಬ್ಯಾಂಕ್ ಡಾಟ್ ಇನ್ ವಿಳಾಸಕ್ಕೆ ಬರಲು ಹೇಳಿ, 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು. ನಿಮ್ಮ ಬ್ಯಾಂಕಿನ ಪುಟ ತೆರೆದಾಗ ಬಲತುದಿ ಹಾಗಿದೆಯಾ ಅಂತ ಒಮ್ಮೆ ನೋಡಿ.

'ಬೀಗದ ಚಿತ್ರ ಇದ್ದರೆ ಸೇಫ್' ಅನ್ನುವ ಹಳೇ ಮಾತೊಂದಿದೆ. ಅದನ್ನು ಮರೆತುಬಿಡಿ. ಬೀಗ ಹೇಳುತ್ತಿದ್ದದ್ದು ಇಷ್ಟೇ: ನೀವು ಕಳಿಸಿದ್ದನ್ನು ದಾರಿಯಲ್ಲಿ ಬೇರೆಯವರು ಓದಲು ಆಗುವುದಿಲ್ಲ. ಆ ಕಡೆ ಕೂತಿರುವವನು ಒಳ್ಳೆಯವನೋ ಕಳ್ಳನೋ ಅನ್ನುವುದು ಬೀಗಕ್ಕೆ ಗೊತ್ತಿಲ್ಲ. ಕಳ್ಳ ಸೈಟುಗಳಿಗೂ ಬೀಗ ಸುಲಭವಾಗಿ ಸಿಗುತ್ತದೆ. ಜನ ತಪ್ಪು ತಿಳಿಯುತ್ತಿದ್ದಾರೆ ಅಂತಲೇ 2023ರಲ್ಲಿ ಕ್ರೋಮ್ ಬೀಗದ ಚಿತ್ರ ತೆಗೆದು ಎರಡು ಗೆರೆಯ ಸಣ್ಣ ಚಿಹ್ನೆ ಹಾಕಿತು. ಅದೇ ಜಾಗದಲ್ಲಿ 'ನಾಟ್ ಸೆಕ್ಯೂರ್' ಅಂತ ಬಂದರೆ ಮಾತ್ರ ಅಲ್ಲಿ ಪಾಸ್‌ವರ್ಡ್, ಕಾರ್ಡ್ ನಂಬರ್ ಯಾವುದನ್ನೂ ಬರೆಯಬೇಡಿ.

ಹುಡುಕುವುದು

ವಾಕ್ಯ ಬರೆಯಬೇಕಿಲ್ಲ, ಮುಖ್ಯವಾದ ಮೂರು ನಾಲ್ಕು ಪದ ಸಾಕು. 'ತೆಂಗು ನುಸಿ ರೋಗ ಔಷಧಿ' ಅಂದರೆ ಅದಕ್ಕೆ ಅರ್ಥವಾಗುತ್ತದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಎಷ್ಟೋ ಸಲ ಹಿಡಿಯುತ್ತದೆ. ಕಾಗುಣಿತ ತಪ್ಪಾದರೂ ಸರಿ ಮಾಡಿಕೊಳ್ಳುತ್ತದೆ.

ಬಂದ ಫಲಿತಾಂಶದಲ್ಲಿ ಮೊದಲನೆಯದನ್ನೇ ಒತ್ತುವ ಆತುರ ಬೇಡ. ಮೇಲ್ಗಡೆಯವು ಎಷ್ಟೋ ಸಲ ಜಾಹೀರಾತು. 'ಸ್ಪಾನ್ಸರ್ಡ್' ಅಂತ ಸಣ್ಣದಾಗಿ ಬರೆದಿರುತ್ತದೆ. ಒಂದೊಂದರ ವಿಳಾಸವೂ ಅಲ್ಲೇ ಇರುತ್ತದೆ, ಈಗಷ್ಟೇ ಕಲಿತ ಹಾಗೆ ಬಲದಿಂದ ಓದಿ, ಆಮೇಲೆ ಒತ್ತಿ.

ಒಂದನ್ನು ಮಾತ್ರ ಹುಡುಕಲೇಬೇಡಿ: ಬ್ಯಾಂಕಿನದೋ ಗ್ಯಾಸಿನದೋ ಕಸ್ಟಮರ್ ಕೇರ್ ನಂಬರ್. ಕಳ್ಳರು ತಮ್ಮ ನಂಬರನ್ನೇ ಅಲ್ಲಿ ಕಾಣುವ ಹಾಗೆ ಮಾಡಿಟ್ಟಿರುತ್ತಾರೆ. ಪಾಸ್‌ಬುಕ್ ಮೇಲೆ, ಎಟಿಎಂ ಕಾರ್ಡಿನ ಹಿಂದೆ, ಬಿಲ್ಲಿನ ಮೇಲೆ ಅಚ್ಚಾದ ನಂಬರಿಗೇ ಫೋನ್ ಮಾಡಿ.

ಕಣ್ಣಿಗೆ ಸುಖ

ಅಕ್ಷರ ಚಿಕ್ಕದು ಅಂತ ಪರದೆಗೆ ಮೂಗು ತಾಗಿಸಿ ಓದಬೇಡಿ. ಕಂಟ್ರೋಲ್ ಹಿಡಿದು ಕೂಡುವ ಚಿಹ್ನೆ ಒತ್ತಿದರೆ ಪುಟ ದೊಡ್ಡದಾಗುತ್ತದೆ. ಕಳೆಯುವ ಚಿಹ್ನೆ ಒತ್ತಿದರೆ ಚಿಕ್ಕದು, ಸೊನ್ನೆ ಒತ್ತಿದರೆ ಮೊದಲಿನಷ್ಟೇ. ದೊಡ್ಡಮ್ಮನ ಪರದೆಯಲ್ಲಿ ಯಾವಾಗಲೂ ಶೇಕಡ 150 ಇರುತ್ತದೆ. ಉದ್ದ ಪುಟದಲ್ಲಿ ಒಂದು ಹೆಸರು ಹುಡುಕಬೇಕಾದರೆ, ಉದಾಹರಣೆಗೆ ಆಯ್ಕೆ ಪಟ್ಟಿಯಲ್ಲಿ ಮೊಮ್ಮಗನ ನಂಬರ್, ಕಂಟ್ರೋಲ್ ಜೊತೆ ಎಫ್ ಒತ್ತಿ ಬರೆಯಿರಿ. ಇದ್ದ ಕಡೆ ಬಣ್ಣ ಹಚ್ಚಿ ತೋರಿಸುತ್ತದೆ. ಇಂಗ್ಲಿಷ್ ಪುಟವಾದರೆ ಖಾಲಿ ಜಾಗದಲ್ಲಿ ಬಲಗಡೆ ಕ್ಲಿಕ್ ಮಾಡಿ, ಕ್ರೋಮ್‌ನಲ್ಲಿ ಅನುವಾದದ ಆಯ್ಕೆ ಬರುತ್ತದೆ. ಕನ್ನಡ ಸ್ವಲ್ಪ ಯಂತ್ರದ ಕನ್ನಡವೇ, ಆದರೂ ವಿಷಯ ತಿಳಿಯುತ್ತದೆ.

ಕನ್ನಡದಲ್ಲಿ ಬರೆಯಲು

ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ 'ಟೈಮ್ ಆ್ಯಂಡ್ ಲ್ಯಾಂಗ್ವೇಜ್' ಒಳಗೆ ಹೋಗಿ ಕನ್ನಡ ಸೇರಿಸಿ. ಕೀಬೋರ್ಡ್ ಆಯ್ಕೆಯಲ್ಲಿ ಫೋನೆಟಿಕ್ ಅನ್ನುವುದನ್ನು ಹಾಕಿಕೊಂಡರೆ ಇಂಗ್ಲಿಷ್‌ನಲ್ಲಿ ಒತ್ತಿದ ಹಾಗೆಯೇ ಕನ್ನಡ ಮೂಡುತ್ತದೆ. ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ಪಾಸ್‌ವರ್ಡ್ ಸರಿಯಾಗಿದ್ದರೂ ತಪ್ಪು ತಪ್ಪು ಅಂತ ಬಂದರೆ, ಕೀಬೋರ್ಡ್ ಕನ್ನಡದಲ್ಲೇ ಉಳಿದಿದೆಯಾ ನೋಡಿ. ಕ್ಯಾಪ್ಸ್ ಲಾಕ್ ದೀಪವನ್ನೂ ನೋಡಿ.

ಒಂದು ಪೂರ್ತಿ ಕೆಲಸ: ಪಹಣಿ ನೋಡುವುದು

ಕಲಿತದ್ದನ್ನೆಲ್ಲ ಒಂದೇ ಕೆಲಸದಲ್ಲಿ ಬಳಸೋಣ. ದೊಡ್ಡಮ್ಮನಿಗೂ ಬೇಕಾಗಿದ್ದು ಇದೇ, ತೋಟದ ಪಹಣಿ.

ಹೊಸ ಟ್ಯಾಬ್ ತೆರೆದು ಮೇಲೆ ಹೇಳಿದ ವಿಳಾಸ ಬರೆಯಿರಿ. ಪುಟದ ಚಹರೆ ಆಗಾಗ ಬದಲಾಗುತ್ತಿರುತ್ತದೆ, ಅದಕ್ಕೆ ಬಟನ್ ಎಲ್ಲಿದೆ ಅನ್ನುವುದಕ್ಕಿಂತ ಹೆಸರು ಏನಿದೆ ಅಂತ ನೋಡಿ. ಪಹಣಿ ಅಂದರೆ ಅಲ್ಲಿ ಆರ್‌ಟಿಸಿ. 'ವ್ಯೂ ಆರ್‌ಟಿಸಿ' ಅನ್ನುವುದನ್ನು ಒತ್ತಿ. ಹೊಸ ಟ್ಯಾಬ್ ತೆರೆದುಕೊಂಡರೆ ಗಾಬರಿಯಾಗಬೇಡಿ, ಹಳೆಯದು ಪಕ್ಕದಲ್ಲೇ ಇದೆ.

ಈಗ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಬೇಕು. ಪೆಟ್ಟಿಗೆಯ ತುದಿಯಲ್ಲಿ ಕೆಳಮುಖದ ಸಣ್ಣ ಬಾಣ ಇರುತ್ತದೆ, ಒತ್ತಿದರೆ ಪಟ್ಟಿ ಜಾರಿ ಬರುತ್ತದೆ. ಪಟ್ಟಿ ಉದ್ದವಿದ್ದರೆ ಕೀಬೋರ್ಡ್‌ನ ಕೆಳಬಾಣದಿಂದ ಇಳಿಯಬಹುದು. ದೊಡ್ಡಮ್ಮ ಇಲ್ಲೊಂದು ಕಡೆ ಸಿಕ್ಕಿಹಾಕಿಕೊಂಡರು. ಜಿಲ್ಲೆ ಆರಿಸಿದ ತಕ್ಷಣ ತಾಲ್ಲೂಕಿನ ಪೆಟ್ಟಿಗೆ ಒತ್ತಿದರೆ ಅದು ಖಾಲಿ. "ನಮ್ಮ ತಾಲ್ಲೂಕೇ ಇಲ್ಲವಲ್ಲೋ!" ಇದೆ. ನೀವು ಆರಿಸಿದ ಜಿಲ್ಲೆಯ ತಾಲ್ಲೂಕುಗಳನ್ನು ತರಲು ಅದಕ್ಕೆ ಎರಡು ಮೂರು ಸೆಕೆಂಡ್ ಬೇಕು. ಒಂದು ಆರಿಸಿ, ಉಸಿರು ಬಿಟ್ಟು, ಮುಂದಿನದು ಆರಿಸಿ.

ಆಮೇಲೆ ಸರ್ವೆ ನಂಬರ್ ಬರೆದು ಮುಂದಕ್ಕೆ. ಸರ್‌ನಾಕ್, ಹಿಸ್ಸಾ, ಅವಧಿ, ವರ್ಷ ಕೇಳುತ್ತದೆ. ಸರ್‌ನಾಕ್ ಪೆಟ್ಟಿಗೆಯಲ್ಲಿ ಬರೀ ನಕ್ಷತ್ರದ ಗುರುತು ಇದ್ದರೆ ಅದನ್ನೇ ಆರಿಸಿ. ಹಿಸ್ಸಾ ನಂಬರ್ ಹಳೇ ಪಹಣಿಯಲ್ಲಿರುತ್ತದೆ, ಕೂರುವ ಮುಂಚೆ ಅದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಮಾಲೀಕರ ಹೆಸರು ಬಂದ ಮೇಲೆ 'ವ್ಯೂ' ಒತ್ತಿ.

ಕೆಲವು ಸಲ ಒತ್ತಿದರೂ ಏನೂ ಆಗುವುದಿಲ್ಲ. ಕಾರಣ ಸುಲಭ. ಪಹಣಿ ಹೊಸ ಕಿಟಕಿಯಲ್ಲಿ ತೆರೆಯಲು ಹೋಗುತ್ತದೆ. ತಾನಾಗಿ ಏಳುವ ಕಿಟಕಿಗಳನ್ನು ಬ್ರೌಸರ್ ತಡೆಯುತ್ತದೆ, ಅಂಥವು ಜಾಸ್ತಿ ಜಾಹೀರಾತೇ ಆಗಿರುತ್ತವೆ ಅಂತ. ವಿಳಾಸದ ಪಟ್ಟಿಯ ಬಲತುದಿಯಲ್ಲಿ ಕೆಂಪು ಗುರುತಿನ ಸಣ್ಣ ಚಿತ್ರ ಕಾಣುತ್ತದೆ. ಅದನ್ನು ಒತ್ತಿ, ಈ ಸೈಟಿಗೆ ಮಾತ್ರ ಅನುಮತಿ ಕೊಟ್ಟು, ಮತ್ತೆ 'ವ್ಯೂ' ಒತ್ತಿ.

ನೋಡಿಕೊಳ್ಳಲು ದುಡ್ಡಿಲ್ಲ. ಕಚೇರಿಗೋ ಬ್ಯಾಂಕಿಗೋ ಕೊಡುವ ಪ್ರತಿ ಬೇಕಾದರೆ ಶುಲ್ಕ ಕಟ್ಟಿ ಬೇರೆ ತೆಗೆದುಕೊಳ್ಳಬೇಕು. ಈ ಪುಟಕ್ಕೆ ಮತ್ತೆ ಬರುವುದಾದರೆ ಕಂಟ್ರೋಲ್ ಜೊತೆ ಡಿ ಒತ್ತಿ ಎಂಟರ್ ಮಾಡಿ. ಇದು ಬುಕ್‌ಮಾರ್ಕ್. ಮುಂದಿನ ಸಲ ಹುಡುಕಬೇಕಿಲ್ಲ, ಹುಡುಕದಿದ್ದರೆ ಕಳ್ಳ ಸೈಟಿಗೆ ಬೀಳುವ ಪ್ರಶ್ನೆಯೂ ಇಲ್ಲ. ಬ್ಯಾಂಕಿಗೂ ಹೀಗೇ ಮಾಡಿಟ್ಟುಕೊಳ್ಳಿ.

ಇಳಿಸಿಕೊಂಡ ಫೈಲ್ ಎಲ್ಲಿ ಹೋಯಿತು?

ಡೌನ್‌ಲೋಡ್ ಆದದ್ದೆಲ್ಲ 'ಡೌನ್‌ಲೋಡ್ಸ್' ಎನ್ನುವ ಫೋಲ್ಡರ್‌ಗೆ ಹೋಗುತ್ತದೆ. ಕಂಟ್ರೋಲ್ ಜೊತೆ ಜೆ ಒತ್ತಿದರೆ ಪಟ್ಟಿ ಸಿಗುತ್ತದೆ. ಪಿಡಿಎಫ್ ಆದರೆ ಒತ್ತಿದ ಕೂಡಲೇ ಬ್ರೌಸರ್‌ನಲ್ಲೇ ತೆರೆಯುತ್ತದೆ, ಕಂಟ್ರೋಲ್ ಜೊತೆ ಪಿ ಒತ್ತಿದರೆ ಪ್ರಿಂಟ್. ಆಧಾರ್ ಇಳಿಸಿಕೊಂಡವರಿಗೆ ಅದು ಪಾಸ್‌ವರ್ಡ್ ಕೇಳುತ್ತದೆ. ಹೆಸರಿನ ಮೊದಲ 4 ಅಕ್ಷರ ಇಂಗ್ಲಿಷ್ ದೊಡ್ಡಕ್ಷರದಲ್ಲಿ, ಅದಕ್ಕೆ ಅಂಟಿಸಿ ಹುಟ್ಟಿದ ವರ್ಷ. ಲಕ್ಷ್ಮಿ ಅನ್ನುವವರು 1958ರಲ್ಲಿ ಹುಟ್ಟಿದ್ದರೆ ಎಲ್, ಎ, ಕೆ, ಎಸ್, ಆಮೇಲೆ 1958.

ನೀವು ಕೇಳದೇ ತಾನಾಗಿ ಇಳಿದ ಫೈಲನ್ನು ತೆರೆಯಬೇಡಿ. ಹೆಸರಿನ ಕೊನೆಗೆ ಡಾಟ್ ಇ-ಎಕ್ಸ್-ಇ ಇದ್ದರೆ ಅದು ಕಾಗದವಲ್ಲ, ಪ್ರೋಗ್ರಾಂ. ಮದುವೆ ಪತ್ರಿಕೆ, ಕರೆಂಟ್ ಬಿಲ್ ಯಾವತ್ತೂ ಆ ರೂಪದಲ್ಲಿ ಬರುವುದಿಲ್ಲ.

'ಅಲೋ' ಒತ್ತುವ ಮುಂಚೆ

ದೊಡ್ಡಮ್ಮ ಒಂದು ದಿನ ಫೋನ್ ಮಾಡಿದರು. "ಲೋ, ಕಂಪ್ಯೂಟರ್‌ಗೆ ವೈರಸ್ ಬಂದಿದೆಯಂತೆ, ಐದೈದು ನಿಮಿಷಕ್ಕೆ ಮೂಲೆಯಲ್ಲಿ ಬರುತ್ತಾ ಇದೆ." ಹೋಗಿ ನೋಡಿದೆ. ವೈರಸ್ಸೂ ಇಲ್ಲ, ಏನೂ ಇಲ್ಲ. ಯಾವುದೋ ಅಡುಗೆ ಪುಟ ನೋಡುವಾಗ 'ನೋಟಿಫಿಕೇಶನ್ ತೋರಿಸಲಾ' ಅಂತ ಕೇಳಿದ್ದಕ್ಕೆ ಅಲೋ ಒತ್ತಿದ್ದರು. ಅವರೇ ಹೇಳಿದ ಹಾಗೆ, "ಅದನ್ನು ಒತ್ತದಿದ್ದರೆ ಒಳಗೆ ಬಿಡಲ್ಲ ಅಂದುಕೊಂಡೆ ಕಣೋ." ಒಳಗೆ ಬಿಡುತ್ತದೆ. ಬ್ಲಾಕ್ ಒತ್ತಿದರೂ ಪುಟ ಚೆನ್ನಾಗಿಯೇ ಕಾಣುತ್ತದೆ.

ನಿಮಗೂ ಹೀಗಾಗಿದ್ದರೆ ಕ್ರೋಮ್‌ನಲ್ಲಿ ಮೂರು ಚುಕ್ಕಿ, ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯೂರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಹೀಗೆ ಒಂದರೊಳಗೊಂದು ಹೋಗಿ. ಅನುಮತಿ ಪಡೆದ ಸೈಟುಗಳ ಪಟ್ಟಿ ಇರುತ್ತದೆ. ಗುರುತಿಲ್ಲದ್ದನ್ನೆಲ್ಲ ತೆಗೆಯಿರಿ. ಕ್ಯಾಮೆರಾ, ಮೈಕ್, ನೀವಿರುವ ಜಾಗ ಕೇಳಿದಾಗಲೂ ಇದೇ ಲೆಕ್ಕ. ಮಗಳ ಜೊತೆ ವಿಡಿಯೋ ಕಾಲ್ ಮಾಡುವಾಗ ಕ್ಯಾಮೆರಾ ಕೊಡಲೇಬೇಕು. ಚಿತ್ರಾನ್ನ ಮಾಡುವ ವಿಧಾನ ಓದಲು ಕ್ಯಾಮೆರಾ ಯಾಕೆ? ಕುಕೀಸ್, ಅಂದರೆ ನಿಮ್ಮನ್ನು ನೆನಪಿಡಲು ಸೈಟು ನಿಮ್ಮ ಬ್ರೌಸರ್‌ನಲ್ಲಿ ಇಡುವ ಸಣ್ಣ ಗುರುತು, ಅದನ್ನು ಇಡಲಾ ಅಂತ ಕೇಳಿದರೆ ರಿಜೆಕ್ಟ್ ಒತ್ತಿ ಮುಂದೆ ಹೋಗಿ.

ಇದಕ್ಕಿಂತ ಜೋರಿನ ನಾಟಕವೂ ಒಂದಿದೆ. ಪರದೆ ತುಂಬಾ ಕೆಂಪು, ಕಿವಿಗೆ ಸೈರನ್, 'ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಕರೆ ಮಾಡಿ'. ಅದು ಬರೀ ಒಂದು ವೆಬ್‌ಪುಟ, ಇಡೀ ಪರದೆಗೆ ಹರಡಿಕೊಂಡಿದೆ. ಕರೆ ಮಾಡಬೇಡಿ. ಎಸ್ಕೇಪ್ ಕೀಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಆಗದಿದ್ದರೆ ಎಫ್11. ಪಟ್ಟಿಗಳು ಕಂಡ ಕೂಡಲೇ ಕಂಟ್ರೋಲ್, ಡಬ್ಲ್ಯೂ. ಅದಕ್ಕೂ ಜಗ್ಗದಿದ್ದರೆ ಆಲ್ಟ್ ಜೊತೆ ಎಫ್4. ಮತ್ತೆ ಬ್ರೌಸರ್ ತೆರೆದಾಗ 'ರಿಸ್ಟೋರ್ ಮಾಡಲಾ' ಅಂತ ಕೇಳಿದರೆ ಬೇಡ ಅನ್ನಿ. ಹಿಂದಕ್ಕೆ ತರಬಾರದ ಪುಟ ಇದೊಂದೇ. ಅಕಸ್ಮಾತ್ ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಗೆ ಇರುವ ಸಹಾಯವಾಣಿ. ಎಷ್ಟು ಬೇಗ ಹೇಳುತ್ತೀರೋ ದುಡ್ಡು ತಡೆಯಲು ಅಷ್ಟು ಅವಕಾಶ.

ಬೇರೆಯವರ ಕಂಪ್ಯೂಟರ್ ಮುಂದೆ ಕೂತಾಗ

ಸೈಬರ್ ಸೆಂಟರ್, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಆಫೀಸು, ನೆಂಟರ ಮನೆ, ಎಲ್ಲೇ ಆಗಲಿ, ಕಂಟ್ರೋಲ್, ಶಿಫ್ಟ್ ಹಿಡಿದು ಎನ್ ಒತ್ತಿ. ಕಪ್ಪು ಕಿಟಕಿ ಬರುತ್ತದೆ. ಫೈರ್‌ಫಾಕ್ಸ್‌ನಲ್ಲಾದರೆ ಎನ್ ಬದಲು ಪಿ. ಅದರಲ್ಲಿ ಮಾಡಿದ ಕೆಲಸದ ಹಿಸ್ಟರಿ, ಲಾಗಿನ್ ಎಲ್ಲ ಕಿಟಕಿ ಮುಚ್ಚಿದ ಮೇಲೆ ಆ ಕಂಪ್ಯೂಟರ್‌ನಲ್ಲಿ ಉಳಿಯುವುದಿಲ್ಲ. ಡೌನ್‌ಲೋಡ್ ಮಾಡಿದ ಫೈಲ್ ಮಾತ್ರ ಉಳಿಯುತ್ತದೆ, ಅದನ್ನು ನೀವೇ ಅಳಿಸಬೇಕು. ರೀಸೈಕಲ್ ಬಿನ್‌ನಿಂದಲೂ ತೆಗೆಯಿರಿ. 'ಪಾಸ್‌ವರ್ಡ್ ಉಳಿಸಲಾ' ಅಂತ ಕೇಳಿದರೆ ನಿಮ್ಮ ಸ್ವಂತ ಕಂಪ್ಯೂಟರ್‌ನಲ್ಲಿ ಹೂಂ, ಇಲ್ಲಿ ಉಹೂಂ. ಏಳುವ ಮುಂಚೆ ಲಾಗ್‌ಔಟ್ ಒತ್ತಿ, ಕಿಟಕಿ ಮುಚ್ಚಿ. ಆಮೇಲೆ ಪ್ರಿಂಟರ್ ಕಡೆಗೊಮ್ಮೆ ತಿರುಗಿ ನೋಡಿ. ಆಧಾರ್ ಪ್ರತಿ ಅಲ್ಲೇ ಬಿಟ್ಟು ಬರುವವರು ಬಹಳ.